ಹೊಳೆಗೆ ತಂದ ಖಣ

ಮಗಳ ಶಾಲೆಯವರು ಅಳತೆ ನೋಡಲೆಂದು ಕೊಟ್ಟು ಕಳಿಸಿದ ಲೈಫ್ ಜಾಕೆಟ್ ಮೊನ್ನೆಯಿಂದ ವಿದ್ಯಾಗಿರಿಯ ನಮ್ಮ ಮನೆಯಲ್ಲಿ ಕುರ್ಚಿಯ ಮೇಲೆ ಬಿದ್ದಿದೆ. ಒಂಬತ್ತನೆಯ ತರಗತಿಯ ಮಕ್ಕಳನ್ನು ರಬ್ಬರ್ ದೋಣಿಯಲ್ಲಿ ಕೂರಿಸಿ ಹೊಳೆ, ಹಕ್ಕಿ, ಗಿಡಗಂಟಿ ತೋರಿಸುತ್ತಾರಂತೆ. ಎತ್ತಿಡೋಣವೆಂದು ಅದನ್ನು ಕೈಗೆ ತೆಗೆದುಕೊಂಡೆ. ಸರಿಯಾಗಿ ಆರದ ಬಟ್ಟೆ, ರಬ್ಬರು, ಯಾರದೋ ಬೆವರು, ಅಡಿಯಲ್ಲೆಲ್ಲೋ ಕೆಸರು… ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ವಿಜ್ಞಾನದ ಅಕ್ಕೋರು ನೆನಪಾದರು.

ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳೆಲ್ಲ ಅಕ್ಕೋರೇ. ಆದರೆ ನಮಗೆ ಬರೀ ‘ಅಕ್ಕೋರು’ ಎಂದರೆ ಇವರೊಬ್ಬರೇ. ಇಳಕಲ್ಲಿನ ಹಳೆಯ ಮುಸಲ್ಮಾನ ಮನೆತನದವರು, ಮದುವೆಯಾಗಿರಲಿಲ್ಲ. ಮಲಪ್ರಭೆಯ ದಂಡೆಯ ನಮ್ಮೂರಿನ ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಹೆಗಲಿಗೊಂದು ಚೀಲ, ಅದರಲ್ಲಿ ಪುಸ್ತಕಕ್ಕಿಂತ ಹೆಚ್ಚಾಗಿ ಬೀಜ, ಉದುರಿದ ಗರಿ, ಗೀಜಗನ ಹಳೆಯ ಗೂಡು. ಅಮೀನಗಡದಲ್ಲಿ ಬಸ್ಸು ಬದಲಿಸುವಾಗ ಕೊಂಡ ಕರದಂಟೂ ಒಮ್ಮೊಮ್ಮೆ ಇರುತ್ತಿತ್ತು. ಸರಿಯಾದ ಉತ್ತರ ಹೇಳಿದವರಿಗೆ ಒಂದು ಚೂರು. ನಾನು ವಿಜ್ಞಾನ ಕಲಿತದ್ದು ಅರ್ಧ ಅದರ ಆಸೆಗೇ ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ಒಂದು ವರ್ಷ ಮಳೆ ಚೆನ್ನಾಗಿ ಆಗಿ, ಮಹಾಪೂರ ಇಳಿದು, ಹೊಳೆ ಸಮಾಧಾನಕ್ಕೆ ಬಂದಿತ್ತು. ಬಾದಾಮಿಯಲ್ಲಿ ಬಂಡೆ ಹತ್ತುವುದನ್ನು ಕಲಿಸುತ್ತಿದ್ದ ಹುಡುಗರ ತಂಡವೊಂದರ ಬಳಿ ರಬ್ಬರ್ ದೋಣಿಗಳಿವೆ ಎಂದು ಅಕ್ಕೋರಿಗೆ ಯಾರೋ ಹೇಳಿದರು. ಅಷ್ಟೇ ಸಾಕಾಯಿತು. ನಮ್ಮನ್ನು ಒಂದು ಹಗಲು ಹೊಳೆಯ ಮೇಲೆ ಕರೆದೊಯ್ಯುವುದೆಂದು ಗಟ್ಟಿ ಮಾಡಿಯೇಬಿಟ್ಟರು. ಗಂಡುಹುಡುಗರ ಮನೆಯವರು ಹೂಂ ಎಂದರು. ಹುಡುಗಿಯರ ಮನೆಗಳಲ್ಲಿ ಮಾತ್ರ ಬಾಗಿಲೇ ಮುಚ್ಚಿತು. ಹೊಳೆಯಲ್ಲಿ ಬಟ್ಟೆ ಒಗೆಯುವವರು ನಾವು, ನೀರು ಹೊರುವವರು ನಾವು, ಆದರೆ ಹೊಳೆಯ ನಡುವೆ ಹೋಗುವ ಮಾತು ಬಂದರೆ ಹೆಣ್ಣುಮಕ್ಕಳಿಗೇಕೆ ಅದೆಲ್ಲ!

ಅಕ್ಕೋರು ತರಗತಿಯಲ್ಲಿ ನಿಂತು ಹೇಳಿದರು, “ಹುಡುಗ್ಯಾರು ಬರಲಿಲ್ಲಂದ್ರ ಯಾರೂ ಹೋಗೂದಿಲ್ಲ.” ಹುಡುಗರೆಲ್ಲ ತಿರುಗಿ ನಮ್ಮನ್ನು ನೋಡಿದ ನೋಟ ಇನ್ನೂ ನೆನಪಿದೆ.

ಓಣಿಯ ಹೆಂಗಸರೆಲ್ಲ ನಮ್ಮ ಆಯಿಯ ಮಾತಿಗೆ ಕಾಯುತ್ತಿದ್ದರು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಅವಳು ಹೂಂ ಎಂದರೆ ಎಲ್ಲರೂ ಹೂಂ, ಊಹೂಂ ಎಂದರೆ ಎಲ್ಲರೂ ಊಹೂಂ. ಆದ್ದರಿಂದ ಅಕ್ಕೋರು ಒಂದು ಸಂಜೆ ಬಸ್ಸು ತಪ್ಪಿಸಿಕೊಂಡು ನಮ್ಮ ಕಟ್ಟೆಗೆ ಬಂದು ಕೂತರು. ಆಯಿ ಚಹಾ ಕುಡಿಸಿದಳು, ಇಳಕಲ್ಲಿನ ಸೀರೆಯ ಧಾರಣೆ ವಿಚಾರಿಸಿದಳು, ಕೊನೆಗೆ ತನ್ನ ಕರಾರು ಹೇಳಿದಳು.

“ಹೊಳಿಗೆ ಉಡಿ ತುಂಬದೇ ನನ್ನ ಮೊಮ್ಮಗಳು ನೀರಿಗೆ ಇಳಿಯೂದಿಲ್ಲ. ಅಕ್ಕಿ, ಕಾಯಿ, ಬೆಲ್ಲ, ಕುಬಸದ ಖಣ ಎಲ್ಲಾ ಹಾಕಿ ಗಂಗವ್ವನ ಉಡಿ ತುಂಬೂಣು. ಆಮ್ಯಾಲೆ ಕರಕೊಂಡು ಹೋಗ್ರಿ.”

“ಅಕ್ಕಿ, ಬೆಲ್ಲ ಹಾಕ್ರಿ ಆಯಿ, ಮೀನ ತಿಂತಾವ. ಖಣ ಬ್ಯಾಡ್ರಿ. ಹೊಳ್ಯಾಗ ಅರಿವಿ ಹಾಕಬಾರ್ದಂತ ಮಕ್ಕಳಿಗೆ ನಾನ ಕಲಿಸೇನಿ. ಈಗ ನಾನ ನಿಂತು ಹಾಕಿಸ್ಲೇನು?”

“ಖಣ ಇಲ್ಲದ ಉಡಿ ಅಂದ್ರ ಏನ್ರಿ ಅದು?”

ಇಬ್ಬರೂ ನಕ್ಕೇ ಮಾತಾಡಿದರು, ಇಬ್ಬರೂ ಕೂದಲೆಳೆಯಷ್ಟೂ ಹಿಂದೆ ಸರಿಯಲಿಲ್ಲ. ಇಬ್ಬರು ಹಟಮಾರಿಗಳ ನಡುವೆ ನನ್ನ ಹೊಳೆ ಒಣಗುತ್ತಿರುವುದನ್ನು ನೋಡುತ್ತ ನಾನು ಬಾಗಿಲ ಮರೆಯಲ್ಲಿ ನಿಂತು ಅತ್ತೆ. ಕೊನೆಗೆ ಆಯಿ, “ದಂಡಿಗೆ ಬರ್ತೇನಿ. ಅಲ್ಲೇ ನೋಡೂಣು,” ಎಂದು ಎದ್ದಳು. ಏನು ನೋಡುತ್ತಾಳೆ, ಯಾರನ್ನು ನೋಡುತ್ತಾಳೆ, ಯಾರಿಗೂ ತಿಳಿಯಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಹೊಳೆಯ ದಂಡೆಯಲ್ಲಿ ದೋಣಿಗಳು ಗಾಳಿ ತುಂಬಿಕೊಂಡು ನಿಂತಿದ್ದವು. ಹುಡುಗಿಯರೂ ಅವರ ಅವ್ವಂದಿರೂ ಉಡಿ ಸಾಮಾನಿನೊಂದಿಗೆ ಒಂದು ಕಡೆ, ಹುಡುಗರು ಇನ್ನೊಂದು ಕಡೆ. ಅಕ್ಕೋರು ಸೀರೆಯ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ ಬಿಗಿದುಕೊಂಡು, ಪಾದ ಮುಳುಗುವಷ್ಟು ನೀರಿನಲ್ಲಿ ದೋಣಿಗೆ ಕಾವಲು ನಿಂತಂತೆ ನಿಂತಿದ್ದರು.

ಆಯಿ ನೀರಿಗೆ ಅರಿಷಿಣ-ಕುಂಕುಮ ಏರಿಸಿದಳು. ಅಕ್ಕಿ ಬಿಟ್ಟಳು, ಬೆಲ್ಲ ಬಿಟ್ಟಳು, ಕಾಯಿ ಒಡೆದು ಹೋಳು ಬಿಟ್ಟಳು. ಆಮೇಲೆ ಸೊಂಟದಿಂದ ಗುಳೇದಗುಡ್ಡದ ಖಣ ತೆಗೆದಳು. ಹಸಿರು ಮೈ, ಕೆಂಪು ದಡಿ. ಅಕ್ಕೋರ ಮುಖ ಗಟ್ಟಿಯಾಯಿತು. ಆಯಿ ಖಣದ ಒಂದು ತುದಿಯನ್ನು ನೀರಿಗೆ ಮುಟ್ಟಿಸಿ, “ಗಂಗವ್ವ, ನಿನಗಂತನ ತಂದಿದ್ದೆ. ಈ ಅಕ್ಕೋರು ಒಲ್ಲೆ ಅಂತಾರ. ನನ್ನ ಬೈಬ್ಯಾಡ,” ಎಂದಳು. ದಂಡೆಯ ಮೇಲಿದ್ದವರೆಲ್ಲ ನಕ್ಕರು. ಆಯಿ ನಗದೆ ಅಕ್ಕೋರ ಕಡೆ ತಿರುಗಿದಳು.

“ಹೊಳಿಗೆ ಮುಟ್ಟಿಸಿದ್ದು ಮನಿಗೆ ಒಯ್ಯಬಾರ್ದು. ಹಿಡಿ ಸೆರಗ.”

“ನನಗ್ಯಾಕ್ರಿ ಆಯಿ… ನಂದು ಮದವಿ ಸುದ್ದಾ ಆಗಿಲ್ಲ.”

“ಮದವಿ ಆಗದಿದ್ರೇನಾತು, ಊರ ಮಕ್ಕಳನ್ನೆಲ್ಲಾ ಕಟಗೊಂಡು ಹೊಂಟೀಯಲ್ಲ! ಬರೇ ಉಡಿಲೇ ಹ್ಯಾಂಗ ಕಳಸ್ಲಿ? ಹಿಡಿ.”

ಅಷ್ಟು ದಿನ ‘ಬರ್ರಿ, ಹೋಗ್ರಿ’ ಎನ್ನುತ್ತಿದ್ದ ಆಯಿ ಆ ಹೊತ್ತಿನಲ್ಲಿ ‘ನೀ’ ಎಂದದ್ದನ್ನು ನಾನು ಗಮನಿಸಿದೆ. ಅಕ್ಕೋರು ಜಾಕೆಟ್ಟಿನ ಕೆಳಗಿನಿಂದ ಸೆರಗು ಎಳೆದು ಒಡ್ಡಿದರು. ಆಯಿ ಖಣ ಹಾಕಿದಳು, ಮೇಲೊಂದು ಹಿಡಿ ಅಕ್ಕಿ ಹಾಕಿದಳು. ನಂತರ ನನ್ನ ಕೈ ಹಿಡಿದೆಳೆದು ಅದರ ಮೇಲಿಟ್ಟು, “ಇದನ್ನೂ ನಿನ್ನ ಉಡ್ಯಾಗ ಹಾಕೇನಿ. ಹೊಳಿಗಲ್ಲ, ನಿನಗ. ಸಂಜಿಗೆ ತಿರುಗಿ ಇಸಗೋತೇನಿ,” ಎಂದಳು. ಅವಳ ಹಿಂದೆಯೇ ಎಲ್ಲ ಅವ್ವಂದಿರೂ ಬಂದರು. ಒಬ್ಬೊಬ್ಬರೂ ಖಣ ಹಾಕಿ, ಮಗಳ ಕೈಯನ್ನು ಅಕ್ಕೋರ ಉಡಿಯ ಮೇಲಿಟ್ಟು ಹಿಂದೆ ಸರಿದರು. ಅಕ್ಕೋರ ಕಣ್ಣು ತುಂಬಿತ್ತು. ನನಗೂ ಅಳು ಬಂದಿತ್ತು, ಆದರೆ ಅದು ಖುಷಿಯದು.

ಆ ದಿನದ ಹೊಳೆಯನ್ನು ಹೇಗೆ ಹೇಳಲಿ… ನೀರುಕಾಗೆಗಳು ಬಂಡೆಯ ಮೇಲೆ ರೆಕ್ಕೆ ಹರವಿ ಒಣಗಿಸುತ್ತಿದ್ದವು. ಮಿಂಚುಳ್ಳಿ ಒಂದು ಸಲ ಧುಮುಕಿದರೆ ಅಕ್ಕೋರು ಮೀನು ತಾವೇ ಹಿಡಿದಷ್ಟು ಸಂಭ್ರಮಪಡುತ್ತಿದ್ದರು. ಎರೆಮಣ್ಣಿನ ದಂಡೆ ಎಲ್ಲಿ ಕುಸಿಯುತ್ತದೆ, ನೀರಂಚಿಗೆ ಬೆಳೆಯುವ ಆಪಿನ ಹುಲ್ಲು ಇದ್ದಲ್ಲಿ ಏಕೆ ಕುಸಿಯುವುದಿಲ್ಲ ಎಂದು ತೋರಿಸಿದರು. ನಮ್ಮ ಓಣಿಯ ಮನೆಗಳು ದೂರದಿಂದ ಸಣ್ಣಗೆ ಕಂಡಾಗ ನಾವು ಹುಡುಗಿಯರು ಬೆರಳು ಮಾಡಿ ನಮ್ಮ ನಮ್ಮ ಮನೆ ಹುಡುಕಿದೆವು. ಒಂದು ಕಡೆ ಕಲ್ಲುಗಳ ನಡುವೆ ನೀರು ಓಡುತ್ತಿತ್ತು. ದೋಣಿ ಗರ್ರನೆ ತಿರುಗಿ ಎದ್ದು ಬಿದ್ದಿತು. ನಾವು ಚೀರಿದೆವು. ಅಕ್ಕೋರು ಮಾತ್ರ ಒಂದು ಕೈಯಲ್ಲಿ ಉಡಿ, ಇನ್ನೊಂದು ಕೈಯಲ್ಲಿ ದೋಣಿಯ ಹಗ್ಗ ಹಿಡಿದು ಎಲ್ಲರಿಗಿಂತ ಜೋರಾಗಿ ನಕ್ಕರು. “ಚೀರಬ್ಯಾಡ್ರಿ, ಹಕ್ಕಿ ಹಾರಿ ಹೋಗ್ತಾವ!” ಅವರು ನಗುವುದನ್ನು ನೋಡಿ ನಮಗೂ ನಗು ಬಂತು.

ಸಂಜೆ ನಾವು ದೋಣಿ ಇಳಿಯುವ ಕೆಳಗಿನ ದಂಡೆಯಲ್ಲಿ ಆಯಿ ಟ್ರ್ಯಾಕ್ಟರಿನಲ್ಲಿ ಬಂದು ಕಾದಿದ್ದಳು. ಬೆಳಗಿನಿಂದ ಏನೂ ತಿಂದಿರಲಿಲ್ಲವಂತೆ. ಅಕ್ಕೋರು ನನ್ನನ್ನು ಅವಳ ಕೈಗೆ ಕೊಟ್ಟು, ಅಲ್ಲೇ ಮರಳಿನ ಮೇಲೆ ಕುಸಿದು ಕೂತರು. ಕಾಲಿಗೆ ಜೋಮು ಹಿಡಿದಿದೆ ಎಂದರು. ನಾವು ನಂಬಿದೆವು.

ಮುಂದೆ ಅವರಿಗೆ ಬೇರೆ ತಾಲ್ಲೂಕಿಗೆ ವರ್ಗವಾಯಿತು. ಆಯಿ ತೀರಿಹೋದಳು. ನಾನು ಓದು, ನೌಕರಿ, ಸಂಸಾರ ಎಂದು ಹಬ್ಬಕ್ಕೊಮ್ಮೆ ಫೋನು ಮಾಡುವಷ್ಟಕ್ಕೆ ಇಳಿದೆ, ಆಮೇಲೆ ಅದೂ ತಪ್ಪಿತು. ಹೋದ ಮಳೆಗಾಲದಲ್ಲಿ ಅಕ್ಕೋರು ತೀರಿಕೊಂಡರಂತೆ. ನನಗೆ ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ. ಇಳಕಲ್ಲಿನ ಮನೆಗೆ ಹೋದೆ. ಅವರ ತಮ್ಮ ಹೊಳೆಯ ಆ ದಿನದ ಕಥೆಯನ್ನು ನನ್ನ ಬಾಯಿಂದ ಕೇಳಿ ಬೆರಗಾದರು.

“ನಮ್ಮ ಅಕ್ಕಾ ಹೊಳ್ಯಾಗ ಹೋಗಿದ್ಲಾ? ಖರೆ ಹೇಳ್ತೀರೇನ್ರಿ? ಆಕಿಗೆ ಈಜು ಬರ್ತಿರ್ಲಿಲ್ಲ. ನೀರಂದ್ರ ಭಾಳ ಅಂಜಾಕಿ. ಬಸ್ಸು ಹೊಳಿ ಸೇತುವಿ ಮ್ಯಾಲೆ ಬಂತಂದ್ರ ಕಣ್ಣ ಮುಚ್ಕೊಂಡು ಕುಂದ್ರತಿದ್ಲು.”



ಈಗ ಮಗಳನ್ನು ಹೊಳೆಗೆ ಕಳಿಸುವುದಿಲ್ಲ ಎಂದೇ ಮೊದಲು ಹೇಳಿದ್ದೆ. ಅವಳು ಎರಡು ದಿನ ಮುಖ ಊದಿಸಿಕೊಂಡು, “ಹಂಗಾರ ನೀನೂ ಬಾ,” ಎಂದಳು. ಮಕ್ಕಳ ಜೊತೆಗೆ ಒಬ್ಬ ತಾಯಿ ಬೇಕೆಂದು ಶಾಲೆಯವರೂ ಕೇಳಿದ್ದರು. ಒಪ್ಪಿಬಿಟ್ಟೆ. ನಾಳೆ ಬೆಳಿಗ್ಗೆ ಹೊರಡಬೇಕು. ಇಂದು ಮಧ್ಯಾಹ್ನದಿಂದ ಒಬ್ಬರಾದ ಮೇಲೊಬ್ಬರು ಮಕ್ಕಳ ಅವ್ವಂದಿರು ಫೋನು ಮಾಡುತ್ತಿದ್ದಾರೆ. “ನೀವಿದ್ದೀರಲ್ರಿ, ಅಂತ ಕಳಸಾಕತ್ತೇವಿ,” ಎನ್ನುತ್ತಾರೆ. ನಾನು ನಗುನಗುತ್ತಲೇ ಹೂಂ ಎನ್ನುತ್ತೇನೆ, ಫೋನು ಇಟ್ಟು ಜಾಕೆಟ್ಟಿನ ಪಟ್ಟಿಗಳನ್ನು ಮತ್ತೊಮ್ಮೆ ಜಗ್ಗಿ ನೋಡುತ್ತೇನೆ. ಅಷ್ಟು ಅಂಜಿಕೆಯನ್ನು ಇಡೀ ಒಂದು ದಿನ ಎಲ್ಲಿ ಬಚ್ಚಿಟ್ಟುಕೊಂಡಿದ್ದಿರಿ ಅಕ್ಕೋರ, ಎಂದು ಕೇಳಬೇಕಾಗಿದೆ. ಕೇಳೋಣವೆಂದರೆ ಅವರಿಲ್ಲ.