ಉಸಿರು ಹಿಡಿಯದೆ ನೀರಿಗಿಳಿದ ದಿನ

ನಮ್ಮಪ್ಪ ಮರಿಲಿಂಗನಿಗೆ ಈಗ ಐವತ್ತೆಂಟು. ಕಕ್ಕೇರಾ ಕಡೆಯ ನಮ್ಮ ಊರಿಗೆ ಟ್ಯಾಂಕಿನಿಂದ ನಳದ ನೀರು ಬಿಡುವುದು ಅವನ ಕೆಲಸ. ಸಂಬಳ ಬರುವುದೂ ಅದಕ್ಕೇ. ಆದರೆ ಸುರಪುರದಿಂದ ಶಹಾಪುರದವರೆಗೆ ಅವನ ಹೆಸರು ಗೊತ್ತಿರುವುದು ಬೇರೆ ಕಾರಣಕ್ಕೆ. ಯಾರಾದರೂ ಬಾವಿಯಲ್ಲೋ ಕಾಲುವೆಯಲ್ಲೋ ಮುಳುಗಿ ಸತ್ತರೆ ಹೆಣ ಮೇಲೆ ತರಲು ಅವನನ್ನು ಕರೆಯುತ್ತಾರೆ. ಠಾಣೆಯವರು ಕರೆಯುತ್ತಾರೆ, ಗೌಡರು ಕರೆಯುತ್ತಾರೆ. ನಡುಮನೆಗೆ ಊಟಕ್ಕೆ ಮಾತ್ರ ಯಾರೂ ಕರೆದಿದ್ದಿಲ್ಲ.

ಆ ನೀರಿನಲ್ಲಿ ಕೆಸರು ಬಿಟ್ಟರೆ ಏನೂ ಕಾಣುವುದಿಲ್ಲ. ಅದಕ್ಕೇ ಅಪ್ಪ ಕಣ್ಣು ಮುಚ್ಚಿಕೊಂಡೇ ಇಳಿಯುತ್ತಾನೆ. ಉಸಿರು ಬಿಗಿಹಿಡಿದು ತಳದಲ್ಲಿ ಕೈಯಾಡಿಸುತ್ತಾನೆ. ಕೂದಲೋ ಬಟ್ಟೆಯ ತುದಿಯೋ ಬೆರಳಿಗೆ ತಗುಲಿದರೆ ಮೇಲೆ ಬಂದು "ಸಿಕ್ತು" ಎನ್ನುತ್ತಾನೆ, ಅಷ್ಟೇ. ಮನೆಯಲ್ಲಿ ಅವ್ವ ಕರೆಮ್ಮ ಬೇವಿನ ಸೊಪ್ಪು ಹಾಕಿ ನೀರು ಕಾಯಿಸಿಟ್ಟಿರುತ್ತಾಳೆ. ಆ ದಿನ ಅವನು ಉಣ್ಣುವುದಿಲ್ಲ, ಮಾತಾಡುವುದಿಲ್ಲ. ಮರುದಿನ ಬೆಳಿಗ್ಗೆ ಎಂದಿನಂತೆ ಊರಿಗೆ ನೀರು ಬಿಡಲು ಹೋಗುತ್ತಾನೆ.

ಎರಡು ವರ್ಷದ ಹಿಂದೆ ಕಲಬುರಗಿಯ ಡಾಕ್ಟರು ಅವನ ಎದೆ ಪರೀಕ್ಷೆ ಮಾಡಿ, ಇನ್ನು ಉಸಿರು ಹಿಡಿದು ನೀರಿಗಿಳಿದರೆ ನಿನ್ನನ್ನೇ ಯಾರಾದರೂ ತೆಗೆಯಬೇಕಾಗುತ್ತದೆ ಎಂದರು. ಅಪ್ಪ ಹೂಂ ಎಂದ. ಆಮೇಲೆ ಏಳು ಸಲ ಇಳಿದ. ನಾನು ಅತ್ತೆ, ಬೈದೆ, ಒಂದು ತಿಂಗಳು ಫೋನು ಮಾಡುವುದನ್ನೇ ಬಿಟ್ಟೆ.

"ಇಲ್ಲ ಅನ್ನಾಕ ಬಾಯಿ ಬರಾಂಗಿಲ್ಲ ದಾನವ್ವ," ಎನ್ನುತ್ತಿದ್ದ. "ಅವರ ಮಂದಿ ದಂಡಿ ಮ್ಯಾಲ ಕುಂತು ಅಳಾಕತ್ತಿರತಾರ."

ಒಂದೇ ಒಂದು ಸಲ ಅಪ್ಪನ ಬಾಯಿಂದ 'ಇಲ್ಲ' ಎಂಬ ಮಾತು ಹೊರಡಿಸಬೇಕು, ನನಗೆ ಬೇಕಿದ್ದದ್ದು ಇಷ್ಟೇ.

ನಾನು ದಾನೇಶ್ವರಿ, ಭಟ್ಕಳದ ಹತ್ತಿರ ಸರ್ಕಾರಿ ಶಾಲೆಯಲ್ಲಿ ಟೀಚರ್. ದಸರಾ ರಜೆಗೆ ಇಬ್ಬರನ್ನೂ ಕರೆಸಿಕೊಂಡೆ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪದ ಹತ್ತಿರ ಕರೆದುಕೊಂಡು ಹೋಗಿ, ಕಣ್ಣಿಗೆ ಗಾಜು, ಬಾಯಿಗೆ ಕೊಳವೆ ಕೊಟ್ಟು ನೀರಿನ ಮೇಲೆ ತೇಲಿಸುತ್ತಾರೆ. ಸ್ನಾರ್ಕ್ಲಿಂಗ್ ಅಂತ ಅದಕ್ಕೆ. ಉಸಿರು ಹಿಡಿಯಬೇಕಿಲ್ಲ, ಮುಖ ನೀರಿನಲ್ಲಿದ್ದರೂ ಕೊಳವೆಯಿಂದ ಗಾಳಿ ಬರುತ್ತದೆ. ಡಾಕ್ಟರನ್ನೂ ಕೇಳಿಕೊಂಡೆ, ಜಾಕೆಟ್ ಹಾಕಿಕೊಂಡು ತೇಲಿದರೆ ತೊಂದರೆಯಿಲ್ಲ ಎಂದರು. ಮೂವತ್ತೆಂಟು ವರ್ಷ ಹೆಣಕ್ಕಾಗಿ ನೀರಿಗಿಳಿದವನು ಒಂದು ದಿನ ಸುಮ್ಮನೆ ಇಳಿಯಲಿ, ಆಮೇಲಾದರೂ ಮನಸ್ಸು ತಿರುಗೀತು ಎಂಬ ಆಸೆ ನನಗೆ.

ಆಸೆಯೇನೋ ಚೆನ್ನಾಗಿತ್ತು, ಪ್ರಯಾಣ ಅವರನ್ನು ಹಣ್ಣುಗಾಯಿ ನೀರುಗಾಯಿ ಮಾಡಿತು. ಸುರಪುರದಿಂದ ಹುಬ್ಬಳ್ಳಿ, ಅಲ್ಲಿಂದ ಭಟ್ಕಳ ಅಂತ ಒಂದು ದಿನವೆಲ್ಲ ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದವರನ್ನು ಮರುದಿನ ನಸುಕಿನಲ್ಲೇ ಎಬ್ಬಿಸಿದೆ. ನನ್ನ ಗಂಡ ಬುದ್ಧಪ್ರಿಯ "ಒಂದಿನ ತಡಿ," ಎಂದರೂ ಕೇಳಲಿಲ್ಲ. ದೋಣಿ ಹೊರಟು ಹತ್ತು ನಿಮಿಷಕ್ಕೆ ಅವ್ವ ವಾಂತಿ ಮಾಡತೊಡಗಿದಳು. ರೊಟ್ಟಿ, ಶೇಂಗಾ ಹಿಂಡಿಯ ಗಂಟು ಅವಳ ತೊಡೆಯ ಮೇಲೆ ಹಾಗೇ ಉಳಿಯಿತು.

"ಈ ಚೈನಿ ಯಾರು ಬೇಡಿದ್ರು ನಿನಗ?" ಎಂದು ಮಧ್ಯೆ ಮಧ್ಯೆ ನನ್ನನ್ನು ಬೈಯುವಷ್ಟು ಶಕ್ತಿ ಮಾತ್ರ ಅವಳಿಗಿತ್ತು.

ಅಪ್ಪ ಅವಳ ಬೆನ್ನು ನೀವುತ್ತ ಕೂತಿದ್ದ. ದ್ವೀಪದ ಬಂಡೆಗಳ ಹತ್ತಿರ ಲಂಗರು ಹಾಕಿದಾಗ ಗೈಡ್ ಹೇಳಿದಂತೆ ಜಾಕೆಟ್ ತೊಟ್ಟು, ಗಾಜು ಕಟ್ಟಿಕೊಂಡು, ಏಣಿ ಹಿಡಿದು ಇಳಿದ. ನಾನೂ ಪಕ್ಕದಲ್ಲೇ ಇಳಿದೆ. ಅಪ್ಪ ಮುಖ ಮುಳುಗಿಸಿದ. ಗಾಜಿನೊಳಗೆ ನೋಡಿದರೆ ಅವನ ಕಣ್ಣು ಗಟ್ಟಿಯಾಗಿ ಮುಚ್ಚಿವೆ. ಕೊಳವೆಯಲ್ಲಿ ಉಸಿರಿನ ಸದ್ದೇ ಇಲ್ಲ. ಎರಡೂ ಕೈ ಮುಂದೆ ಚಾಚಿ ಬೆರಳು ಅಗಲಿಸಿ ನೀರಿನಲ್ಲಿ ತಡಕಾಡುತ್ತಿದ್ದಾನೆ. ಸ್ವಲ್ಪ ಹೊತ್ತಿಗೆ ತಲೆ ಎತ್ತಿ, ಏದುಸಿರು ಬಿಡುತ್ತ ಗೈಡ್‌ನ ಮುಖ ನೋಡಿದ.

"ಏನೂ ಸಿಗಲಿಲ್ರಿ," ಎಂದ.

ಗೈಡ್ ನಕ್ಕ. 

"ಅಪ್ಪಾ, ಇಲ್ಲಿ ಯಾರೂ ಬಿದ್ದಿಲ್ಲ," ಎಂದೆ. "ಕಣ್ಣು ತೆರಿ. ಉಸಿರಾಡು."

ಅವನ ಕೈ ಹಿಡಿದುಕೊಂಡೆ. ಎರಡನೆಯ ಸಲ ಬಹಳ ಹೊತ್ತಿನ ಮೇಲೆ ಕಣ್ಣು ತೆರೆದ. ಕೆಳಗೆ ಬಿಸಿಲು ತಳದವರೆಗೂ ಇಳಿದಿತ್ತು, ಹಳದಿ ಪಟ್ಟೆಯ ಮೀನು ಗುಂಪುಗುಂಪಾಗಿ ಓಡಾಡುತ್ತಿದ್ದವು. ಅಪ್ಪ ಅವುಗಳನ್ನು ನೋಡಲಿಲ್ಲ. ತನ್ನ ಕೈಗಳನ್ನೇ ತಿರುಗಿಸಿ ಮುರುಗಿಸಿ ನೋಡುತ್ತ ತೇಲಿದ. ಗೈಡ್ ಸಾಕು ಎಂದ ಮೇಲೇ ಏಣಿ ಹತ್ತಿದ.

"ನೀರಾಗ ನನ್ನ ಕೈ ನಾ ಎಂದೂ ನೋಡಿದ್ದಿಲ್ಲ," ಎಂದ. 

ವಾಪಸು ಬರುವಾಗ ದಡ ಕಾಣತೊಡಗಿದಂತೆ ನೆಟ್‌ವರ್ಕ್ ಸಿಕ್ಕಿ ಅಪ್ಪನ ಫೋನು ರಿಂಗಾಯಿತು. ಅವನು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು. ಊರಿನ ಸಾಬಣ್ಣ.

ಅಪ್ಪ ಮೊದಲ ಸಲ ಇಳಿದದ್ದು ಈ ಸಾಬಣ್ಣನ ಮನೆತನದ ಬಾವಿಗೆ. ನಮ್ಮ ಕೇರಿಯವರು ಆ ಬಾವಿಯ ಹಗ್ಗ ಸಹ ಮುಟ್ಟುವಂತಿರಲಿಲ್ಲ. ಅವರ ಆಳೊಬ್ಬ ಅದರಲ್ಲಿ ಮುಳುಗಿದಾಗ ಮಾತ್ರ ಇಪ್ಪತ್ತು ವರ್ಷದ ಅಪ್ಪನನ್ನು ಕರೆದು ಇಳಿಸಿದರು. ಆಮೇಲೆ ಬಾವಿಯ ನೀರೆಲ್ಲ ಎತ್ತಿ ಹೊರಗೆ ಚೆಲ್ಲಿಸಿದರಂತೆ. ಹೆಣ ಬಿದ್ದಿತ್ತೆಂದೋ, ಅಪ್ಪ ಇಳಿದಿದ್ದನೆಂದೋ, ನನ್ನನ್ನು ಕೇಳಬೇಡಿ. ಸಿಟ್ಟು ಬರುತ್ತದೆ.

"ಮರಿಲಿಂಗಪ್ಪಾ, ಎಲ್ಲಿ ಅದೀಯೋ?" ಸಾಬಣ್ಣನ ದನಿ ಒಡೆದಿತ್ತು. "ನಮ್ಮಣ್ಣ ನಿನ್ನಿ ಸಂಜಿಗಿ ಮೋಟಾರ್ ಚಾಲೂ ಮಾಡಾಕ ಹೋಗಿ ಆ ಹಳೇ ಬಾವ್ಯಾಗ ಬಿದ್ದಾನ. ಫಾಯರ್‌ನವರು ಮುಂಜಾನಿಂದ ಹುಡುಕಾಕತ್ತಾರ, ಸಿಗವಲ್ದು. ಎಲ್ಲಿದ್ರೂ ಗಾಡಿ ಕಳಸ್ತೀನಿ, ಬಾರಪ್ಪ."

ಅವ್ವ ನನ್ನನ್ನು ನೋಡಿದಳು. ನಾನು ಅಪ್ಪನನ್ನು ನೋಡಿದೆ.

"ಬಡಗ ಮೂಲ್ಯಾಗ ಮೆಟ್ಟಲ ಕೆಳಗ ಪೊಟರಿ ಅದ್ರಿ," ಅಪ್ಪ ನಿಧಾನವಾಗಿ ಹೇಳಿದ. "ಅಲ್ಲಿ ನೋಡಾಕ ಹೇಳ್ರಿ. ನಾ ಬರಾಂಗಿಲ್ರಿ."



"ಹಳೇದೆಲ್ಲ ಮನಸಿನ್ಯಾಗ ಇಟ್ಕೋಬ್ಯಾಡೋ ತಮ್ಮಾ," ಎಂದ ಸಾಬಣ್ಣ.

"ಅದಕ್ಕಲ್ರಿ ಸಾಬಣ್ಣಾರ. ದಣದೀನಿ."

ಫೋನಿಟ್ಟ. ನಾನು ಎರಡು ವರ್ಷ ಕಾದ ಮಾತು ಬಂದಿತ್ತು. ಖುಷಿಯಾಗಬೇಕಿತ್ತು, ಆಗಲಿಲ್ಲ. ಅಪ್ಪ ಸುಸ್ತಾಗಿದೆ ಎಂದದ್ದನ್ನು ನಾನು ಹುಟ್ಟಿದಂದಿನಿಂದ ಕೇಳಿರಲಿಲ್ಲ. ನಾವ್ಯಾರೂ ಅವನನ್ನು ಕೇಳಿಯೂ ಇರಲಿಲ್ಲ. ಇಳಿಯಬೇಡ ಎಂದು ಜಗಳವಾಡಿದ್ದೆ, ದಣಿದಿದ್ದೀಯಾ ಎಂದು ಒಮ್ಮೆಯೂ ವಿಚಾರಿಸಿರಲಿಲ್ಲ. ಏನಾದರೂ ಹೇಳಬೇಕೆಂದು ಅವನ ಕಡೆ ತಿರುಗಿದೆ. ಅಷ್ಟರಲ್ಲಿ ಅಪ್ಪ ಒದ್ದೆ ಬಟ್ಟೆಯಲ್ಲೇ ನನ್ನ ಹೆಗಲಿಗೆ ತಲೆ ಇಟ್ಟು ನಿದ್ದೆ ಹೋಗಿದ್ದ. ಬಾಯಿ ತೆರೆದಿತ್ತು, ಜೋರಾಗಿ ಉಸಿರಾಡುತ್ತಿದ್ದ.

ಫೋನು ಮತ್ತೆ ರಿಂಗಾಯಿತು. ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ನಾನೇ ಎತ್ತಿದೆ.

"ಅಪ್ಪ ಮಕ್ಕೊಂಡಾನ್ರಿ," ಎಂದೆ. "ಎಬ್ಬಸಾಂಗಿಲ್ಲ."