ಅತ್ತೆಯ ಕಥೆ ಕದ್ದವನು

ಮೊನ್ನೆ ಮೊಮ್ಮಗಳ ಶಾಲೆಯ ನಾಟಕಕ್ಕೆಂದು ಮೀಸೆ ಅಂಟಿಸುವ ಗೋಂದಿನ ಶೀಶೆ ತಂದಿದ್ದರು. ಮುಚ್ಚಳ ತೆಗೆದದ್ದೇ ತಡ, ಸ್ಪಿರಿಟ್ಟಿನ ಘಾಟು ಮೂಗಿಗೆ ಬಡಿದು ನನಗೆ ಸಿಟ್ಟು ಬಂತು. ನಲವತ್ತರ ದಶಕದಲ್ಲಿ, ಹಲಸೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ನಾಟಕ ಕಂಪನಿಯ ಯಜಮಾನನ ಮೈಯೆಲ್ಲ ಇದೇ ವಾಸನೆ...

ಅವನ ಕಿಟಕಿಗೆ ಎದುರಾಗಿಯೇ ಅತ್ತೆಯ ಜಗಲಿ. ಅತ್ತೆ ಅಂದರೆ ಸಂಬಂಧಿಕರಲ್ಲ, ಎದುರುಮನೆಯವರು. ಕೇರಿಯ ಮಕ್ಕಳಿಗೆಲ್ಲ ಅತ್ತೆ. ಮಧ್ಯಾಹ್ನ ಹೆಂಗಸರು ಅಕ್ಕಿ ಆರಿಸುತ್ತ ಕೂತರೆ ಅವರು ಕಥೆ ಹೇಳುತ್ತಿದ್ದರು. ಪುರಾಣವಲ್ಲ, ಎಲ್ಲೋ ಕೇಳಿದ್ದಲ್ಲ, ತಾವೇ ಕಟ್ಟಿದ್ದು. ಕನ್ನಡದಲ್ಲಿ ಶುರುವಾದ ಕಥೆ ಪಕ್ಕದ ಮನೆಯವರಿಗಾಗಿ ತಮಿಳಿಗೆ ಹೊರಳಿ, ಬಳೆ ಮಾರುವ ಬೀಬಿ ಬಂದರೆ ಉರ್ದುವಿನಲ್ಲಿ ಮುಗಿಯುತ್ತಿತ್ತು.

ಅವುಗಳಲ್ಲೊಂದು, ಕಳ್ಳಿ ಎಂದು ಗಂಡನ ಮನೆಯವರು ಹೊರಹಾಕಿದ ಸೊಸೆಯ ಕಥೆ. ಅವಳು ಊರಾಚೆ ತಾನೇ ಬಾವಿ ತೋಡುತ್ತಾಳೆ. ಊರಿನ ಬಾವಿಗಳು ಬತ್ತಿದಾಗ ಎಲ್ಲರಿಗೂ ನೀರು ಕೊಡುತ್ತಾಳೆ, ಆ ಒಂದು ಮನೆಯವರನ್ನು ಬಿಟ್ಟು.

ಯಜಮಾನ ಕಿಟಕಿಯಲ್ಲಿ ಕೂತು ಅದನ್ನು ಕೇಳಿಸಿಕೊಂಡ. ಸ್ವಲ್ಪ ದಿನಕ್ಕೆಲ್ಲ ಅದು ಅವನ ಹೆಸರಿನಲ್ಲಿ ಹೊಸ ನಾಟಕವಾಯಿತು. ಹಾಡುಗಳಿಗೆ ಹಿಂದಿ ಸಿನಿಮಾದ ಮಟ್ಟು. ಕೊನೆಯಲ್ಲಿ ಸೊಸೆ ತಾನಾಗಿ ಹೋಗಿ ಗಂಡನ ಕಾಲಿಗೆ ಬೀಳುತ್ತಿದ್ದಳು.

ಅತ್ತೆ ನಮ್ಮ ಮನೆಗೇ ಬಂದು ಅವನನ್ನು ಕೇಳಿದರು. ಅವನು ಎಲೆಅಡಿಕೆ ಜಗಿಯುತ್ತಲೇ, "ಕಥೆಗೆ ಯಾರಮ್ಮಾ ಯಜಮಾನ್ರು? ಪಿಕ್ಚರಲ್ಲಿ ಇದೇ ಓಡ್ತಾ ಇದೆ, ಜನಕ್ಕೂ ಇದೇ ಬೇಕು" ಅಂದ.

"ಆ ಸೊಸೆ ನಮ್ಮಕ್ಕ ಕಣ್ರೀ," ಅಂದರು ಅತ್ತೆ. "ನಿಜವಾಗ್ಲೂ ಹೋಗಿ ಕಾಲಿಗೆ ಬಿದ್ಲು. ಅವ್ರೇ ಹೊಡೆದು ಸಾಯಿಸಿದ್ರು. ಬಾವಿ, ಕಥೇಲಿ ನಾನು ಅವಳಿಗೆ ಕೊಟ್ಟಿದ್ದು."

ಅವನು ನಕ್ಕ. ಬಾಗಿಲಲ್ಲಿ ನಿಂತಿದ್ದ ನನ್ನ ಕಣ್ಣಿಗೆ ಆ ನಗು ಇನ್ನೂ ಕಟ್ಟಿದಂತಿದೆ.

ಹೆಂಗಸರಿಗೆಂದೇ ಇಟ್ಟಿದ್ದ ಹಗಲಾಟಕ್ಕೆ ಅತ್ತೆ ಕೇರಿಯನ್ನೆಲ್ಲ ಕರೆದುಕೊಂಡು ಹೋದರು. ಕೊನೆಯ ದೃಶ್ಯದಲ್ಲಿ ಸೊಸೆಯ ವೇಷದವನು ಬಗ್ಗುವ ಹೊತ್ತಿಗೆ ಎದ್ದು ನಿಂತು, "ಏಳಮ್ಮಾ, ನೀನು ಕಾಲಿಗೆ ಬೀಳೋಳಲ್ಲ" ಅಂದರು. ಅಲ್ಲಿಂದ ಮುಂದಿನ ಕಥೆಯನ್ನು ತಾವೇ ಹೇಳತೊಡಗಿದರು. ಚಾಪೆಯ ಮೇಲಿದ್ದ ಹೆಂಗಸರು ರಂಗಕ್ಕೆ ಬೆನ್ನುಹಾಕಿ ಅವರತ್ತ ತಿರುಗಿ ಕೂತರು. ಹಾರ್ಮೋನಿಯಂ ನಿಂತಿತು. ಯಜಮಾನ ಓಡಿಬಂದು ಕೈಮುಗಿದ. ಅತ್ತೆ ಅವನತ್ತ ನೋಡಲೂ ಇಲ್ಲ, ಕಥೆ ಮುಗಿಸಿಯೇ ಕೂತರು.

ಆಮೇಲೆ ಆ ದೃಶ್ಯ ಬಂದರೆ ಸಾಕು, ಆಗಿನ್ನೂ ಬ್ಲಾಕ್‌ಪಲ್ಲಿ ಅನ್ನುತ್ತಿದ್ದ ಶಿವಾಜಿನಗರದಿಂದ ಬಂದವರೂ "ಏಳಮ್ಮಾ" ಎಂದು ಕೂಗುತ್ತಿದ್ದರು. ಕಂಪನಿ ಗಂಟುಮೂಟೆ ಕಟ್ಟಿ ಕೆ.ಆರ್. ಪುರದ ಕಡೆ ಹೋಯಿತು. ಅವನ ಕೋಣೆ ತೊಳೆದಾಗ ನನಗಾದ ಸಂತೋಷ ನನ್ನ ಮದುವೆಯ ದಿನವೂ ಆಗಲಿಲ್ಲ.

ಆದರೆ... ಅತ್ತೆ ಮೊದಲಿನಂತಾಗಲಿಲ್ಲ. ಗುರುತಿಲ್ಲದವರು ಬೀದಿಯಲ್ಲಿ ನಿಂತರೂ ಕಥೆಯನ್ನು ಅರ್ಧಕ್ಕೇ ಬಿಡುತ್ತಿದ್ದರು. ಕೊನೆಗೆ ಹೇಳುವುದನ್ನೇ ಬಿಟ್ಟರು. ಹೆಂಗಸರು ಮಧ್ಯಾಹ್ನದ ಸಿನಿಮಾ ಹಿಡಿದರು.

ಈಗ ಇಂದಿರಾನಗರದ ಮಗಳ ಮನೆಯಲ್ಲಿ ಟಿವಿ ಹಚ್ಚಿದರೆ ಯಾವುದೋ ಭಾಷೆಯಿಂದ ಎತ್ತಿದ ಕಥೆ, ಇನ್ಯಾವುದರಿಂದಲೋ ಎತ್ತಿದ ಹಾಡು. ನಿನ್ನೆ ಆರಿಸಿಬಿಟ್ಟೆ. "ಅಜ್ಜಿ, ಕೊನೇಲಿ ಏನಾಗುತ್ತೆ ನೋಡ್ಬೇಕಿತ್ತು" ಎಂದು ಮೊಮ್ಮಗಳು ಮುನಿಸಿಕೊಂಡಳು.

ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಯಿತು. ಅವರ ಕಥೆಗಳಲ್ಲಿ ನನ್ನ ಬಳಿ ಪೂರ್ತಿ ಉಳಿದಿರುವುದು ಆ ಸೊಸೆಯದೊಂದೇ. ಉಳಿದವು ಹೇಗೆ ಮುಗಿಯುತ್ತಿದ್ದವೋ ಕೇಳಲು ಈಗ ಯಾರೂ ಇಲ್ಲ. ಯಜಮಾನನೂ ಸತ್ತಿರಬೇಕು. ಅವನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.