ಹಕ್ಕಿ ಚೆನ್ನಾಗಿ ಕಾಣಲೆಂದು

ಅರಸೀಕೆರೆ, ಬೇಲೂರು, ಹಳೇಬೀಡಿನ ಕಡೆ ಹಕ್ಕಿ ನೋಡಲು ಒಳ್ಳೆಯ ಜಾಗ ಯಾವುದು ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಹಳೇಬೀಡಿನ ಕೆರೆಗೆ ಹೋಗಿ ಎನ್ನುತ್ತೇನೆ. ಅಲ್ಲಿ ದೇವಸ್ಥಾನಕ್ಕೆ ಬಂದವರು ಕಲ್ಲಿನ ಆನೆ, ಕಲ್ಲಿನ ಹಂಸ ನೋಡಿಕೊಂಡು ಬಸ್ಸು ಹತ್ತುತ್ತಾರೆ. ಪಕ್ಕದ ನೀರಿನಲ್ಲಿ ಜೀವಂತ ಬಾತುಗಳು ತೇಲುತ್ತಿದ್ದರೂ ಕತ್ತು ತಿರುಗಿಸುವುದಿಲ್ಲ. ಆ ಬಾತುಗಳಿಗೆ ನನ್ನಿಂದ ಅಪಾಯವಿಲ್ಲ. ಇನ್ನೊಂದು ಕೆರೆಯ ಹೆಸರನ್ನು ಮಾತ್ರ ನಾನು ಹೇಳುವುದಿಲ್ಲ. ಒಂದು ಸಲ ಹೇಳಿ ಆಗಿದೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅರಸೀಕೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಹೋಗಿ, ಒಂದು ಕ್ರಾಸಿನಲ್ಲಿ ಇಳಿದು, ತೆಂಗಿನ ತೋಟಗಳ ನಡುವೆ ಎರಡು ಮೈಲಿ ನಡೆದರೆ ಆ ಕೆರೆ. ನೀರಿನ ನಡುವೆ ಹಳೆಯ ಜಾಲಿ ಮರಗಳ ಗುಂಪು. ಮಾಘ ಬಂತೆಂದರೆ ಬಣ್ಣದ ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆಗಳೆಲ್ಲ ಅಲ್ಲೇ ಗೂಡು ಕಟ್ಟುತ್ತಿದ್ದವು. ಕೆಳಗೆ ನೀರು, ಮೇಲೆ ಮುಳ್ಳು. ಮರಿಗಳ ಹತ್ತಿರ ಬೆಕ್ಕು ಕೂಡ ಸುಳಿಯುವಂತಿರಲಿಲ್ಲ. ಸುತ್ತಮುತ್ತ ಎಷ್ಟೋ ಕೆರೆಗಳಿದ್ದವು, ಇಂಥ ಮರಗಳಿದ್ದ ಕೆರೆ ಅದೊಂದೇ.

ಮದುವೆಯ ಮೆರವಣಿಗೆ ಆಚೆ ದಡದ ಗುಡಿಗೆ ಕೆರೆಯ ಏರಿಯ ಮೇಲೇ ಹೋಗಬೇಕಿತ್ತು. ಗೂಡಿನ ಕಾಲದಲ್ಲಿ ತೂಬಿನ ಹತ್ತಿರ ಬಂದ ಕೂಡಲೇ ವಾಲಗ ನಿಲ್ಲುತ್ತಿತ್ತು. ಇಡೀ ದಿಬ್ಬಣ ಸದ್ದಿಲ್ಲದೆ ಏರಿ ದಾಟಿ, ಕೋಡಿಯ ಹತ್ತಿರ ಮತ್ತೆ ಊದಲು ಶುರು. ಯಾಕೆ ಹೀಗೆ ಎಂದು ಎಮ್ಮೆ ಮೇಯಿಸುತ್ತಿದ್ದ ಅಜ್ಜಿಯೊಬ್ಬಳನ್ನು ಕೇಳಿದ್ದೆ.

"ಬಾಣಂತಿ ಇರೋ ಮನೆ ಮುಂದೆ ಯಾರಾನ ಡೋಲು ಬಡೀತಾರೇನವ್ವ?" ಎಂದಿದ್ದಳು.

ಇಂಥ ಊರನ್ನು ಅದರ ಪಾಡಿಗೆ ಬಿಡಬೇಕಿತ್ತು. ನನಗೆ ಹೆಸರು ಅಚ್ಚಿನಲ್ಲಿ ನೋಡುವ ಚಪಲ. ಪತ್ರಿಕೆಯೊಂದರ ಭಾನುವಾರದ ಪುರವಣಿಗೆ ನಮ್ಮ ಸೀಮೆಯ ಹಕ್ಕಿ ತಾಣಗಳ ಬಗ್ಗೆ ಬರೆದೆ. ಮೊದಲ ಹೆಸರೇ ಈ ಕೆರೆಯದು. ದಾರಿಯನ್ನೂ ಹೇಳಿದೆ. ಸಾಲದೆಂದು ಒಂದು ವಾಕ್ಯ ಸೇರಿಸಿದೆ: ಮರಗಳು ಒತ್ತಾಗಿರುವುದರಿಂದ ಏರಿಯ ಮೇಲೆ ನಿಂತವರಿಗೆ ಗೂಡುಗಳು ಸರಿಯಾಗಿ ಕಾಣುವುದಿಲ್ಲ. ಯಾರು ಕೇಳಿದ್ದರು ನನ್ನನ್ನು?

ಮುಂದಿನ ಮಾಘದ ಒಂದು ಭಾನುವಾರ ಹೋದೆ. ಮರಗಳಿರಲಿಲ್ಲ. ನೀರಿನ ಮೇಲೆ ಬರೀ ಕೊರಡುಗಳ ತುದಿ. ಏರಿಯ ಮೇಲೆ ಎರಡು ಸಿಮೆಂಟ್ ಬೆಂಚು, ಪಕ್ಕದಲ್ಲಿ 'ಪಕ್ಷಿ ವೀಕ್ಷಣಾ ಸ್ಥಳ' ಎಂಬ ಬೋರ್ಡು. ಅದರ ಮೇಲೆ ಬರೆಸಿದ್ದು ಗಿಳಿಯ ಚಿತ್ರ.

ನಾನು ಬಂದದ್ದು ತಿಳಿದು ಪಂಚಾಯಿತಿ ಅಧ್ಯಕ್ಷರು ತೋಟದಿಂದ ಓಡಿಬಂದರು. ಬೆಂಚಿನ ಧೂಳನ್ನು ಹೆಗಲ ಟವೆಲಿನಿಂದ ತಾವೇ ಒರೆಸಿದರು.

"ಕೂತ್ಕಳಿ ಮೇಡಂ. ನಿಮ್ಮಂಥೋರಿಗೇ ಅಂತ ಮಾಡ್ಸಿದ್ದು."

"ಮರ ಎಲ್ಲಿ?"

"ಅಡ್ಡ ಬತ್ತಿದ್ವಲ್ಲ, ಕಡಿಸಿದ್ವಿ. ನೀವೇ ಬರ್ದಿದ್ರಲ್ಲ, ಗೂಡು ಸರಿಯಾಗಿ ಕಾಣಲ್ಲ ಅಂತ." ಜೇಬಿನಿಂದ ಪತ್ರಿಕೆಯ ತುಣುಕು ತೆಗೆದು ತೋರಿಸಿದರು. ಆ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದಿತ್ತು.

"ಇನ್ನು ಗೂಡು ಎಲ್ಲಿ ಕಟ್ತವೆ? ಈ ಬೆಂಚಿನ ಮೇಲಾ?" ಎಂದು ಕಿರುಚಿದೆ.

"ಕೆರೆ ಐತಲ್ಲ ಮೇಡಂ, ಹಕ್ಕಿ ಬತ್ತವೆ ಬಿಡಿ," ಎಂದರು. ಅವರ ಮುಖ ಸಣ್ಣದಾಯಿತು. ಆ ಮನುಷ್ಯ ಮರ ಕದ್ದು ಮಾರಿದ ಕಳ್ಳನಾಗಿದ್ದರೆ ಎಷ್ಟೋ ಚೆನ್ನಾಗಿತ್ತು, ಬೈದು ಹಗುರಾಗುತ್ತಿದ್ದೆ. ಓದಿದವಳು ಬರೆದಿದ್ದಾಳೆ ಎಂಬ ಮರ್ಯಾದೆಗೆ ಕಡಿಸಿದವರನ್ನು ಏನೆಂದು ಬೈಯಲಿ? ಹಾಗಂತ ಸಿಟ್ಟು ಇಳಿಯಲೂ ಇಲ್ಲ. ಅವರ ಮೇಲಿನದೂ ಇಳಿಯಲಿಲ್ಲ, ನನ್ನ ಮೇಲಿನದಂತೂ ಇಳಿದೇ ಇಲ್ಲ.

ಅವರು ಹೋದ ಮೇಲೆ ಅಜ್ಜಿ ಎಮ್ಮೆ ಹೊಡೆದುಕೊಂಡು ಬಂದಳು. ನನ್ನ ಮುಖ ನೋಡದೆ ಹೇಳಿದಳು:

"ಬಂದಿದ್ವು ಕಣವ್ವ. ಎಲ್ಡು ದಿನ ಮ್ಯಾಲೇ ಸುತ್ತಿದ್ವು. ಇಳಿಯಾಕೆ ಜಾಗ ಎಲ್ಲೈತೆ?"

ಅಷ್ಟರಲ್ಲಿ ಊರ ಕಡೆಯಿಂದ ಒಂದು ದಿಬ್ಬಣ ಬಂತು. ತೂಬಿನ ಹತ್ತಿರ ವಾಲಗದವರು ಎಂದಿನಂತೆ ಊದುವುದನ್ನು ನಿಲ್ಲಿಸಿದರು. ನಾಲ್ಕು ಹೆಜ್ಜೆ ಎಲ್ಲರೂ ಸುಮ್ಮನೆ ನಡೆದರು. ಆಮೇಲೆ ಮುಂದಿದ್ದ ಹಿರಿಯರೊಬ್ಬರು ಕೆರೆಯತ್ತ ಒಮ್ಮೆ ನೋಡಿ, "ಊದ್ರಪ್ಪ, ಅಲ್ಲಿ ಯಾರವ್ರೆ ಈಗ?" ಎಂದರು.

ಊದಿದರು. ಡೋಲು ಬಡಿಯುತ್ತ ನನ್ನ ಮುಂದೆಯೇ ಹಾದು ಕೋಡಿಯವರೆಗೂ ಹೋದರು. ನಾನು ಬೆಂಚಿನ ಮೇಲೆ ಕೂತಿದ್ದೆ. ಅಲ್ಲಿಂದ ಕೆರೆ ಈ ದಡದಿಂದ ಆ ದಡದವರೆಗೆ ಬಹಳ ಚೆನ್ನಾಗಿ ಕಾಣುತ್ತಿತ್ತು.